ಪೈಲ್ವಾನನ ಅಸ್ಮಿತೆ ಮತ್ತು ತಲೆಯ ಪೆಟ್ಟು: ದಾವಣಗೆರೆ–ಹರಿಹರ ಪರಿಸರದ ಗರಡಿಗಳನ್ನು ಕುರಿತು

ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಬಯಲು ಜಂಗಿ ಕುಸ್ತಿಗೆ ಇಂದಿಗೂ ನಿಶ್ಚಿತವಾದ ಸ್ಥಾನವಿದೆ. ಈ ನಗರದಲ್ಲಿಯೂ ತುಂಗಭದ್ರೆಯ ದಂಡೆಯ ಹರಿಹರದಲ್ಲಿಯೂ ‘ಪೈಲ್ವಾನ’ ಎಂಬುದು ಕೇವಲ ಆಟಗಾರನನ್ನು ಸೂಚಿಸುವ ಪದವಲ್ಲ. ಅದು ಹೆಸರಿಗೆ ಅಂಟಿಕೊಳ್ಳುವ ಉಪಾಧಿ. ಕಣ ಬಿಟ್ಟು ದಶಕಗಳಾದರೂ ಊರು ಅವನನ್ನು ಹಾಗೆಯೇ ಕರೆಯುತ್ತದೆ. ಹೀಗಿರುವಾಗ ಕುಸ್ತಿಯಾಡಲಾಗದ ಪೈಲ್ವಾನ ಯಾರು ಎಂಬ ಪ್ರಶ್ನೆ ಜಾನಪದ ಅಧ್ಯಯನಕ್ಕೂ ಸಲ್ಲತಕ್ಕದ್ದು. ತಲೆಗೆ ಪೆಟ್ಟಾದವನ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ.

ಗರಡಿಯು ದೇಹವನ್ನು ತನ್ನದೇ ಕ್ರಮದಲ್ಲಿ ಓದುತ್ತದೆ. ಮಾನವಿರುವುದು ಬೆನ್ನಿನಲ್ಲಿ, ಬೆನ್ನಿಗೆ ಮಣ್ಣು ಹತ್ತಿದರೆ ಸೋಲು. ತೊಡೆ ತಟ್ಟಿದರೆ ಸವಾಲು. ಉಜ್ಜಾಟದಿಂದ ಮುದುಡಿ ಗಟ್ಟಿಯಾದ ಕಿವಿ ವರ್ಷಗಳ ತಾಲೀಮಿಗೆ ಸಾಕ್ಷಿ. ಮುರಿದ ಮೂಳೆ, ಉಳುಕಿದ ಭುಜಗಳು ಎಲ್ಲರ ಕಣ್ಣಿಗೆ ಬೀಳುತ್ತವೆ; ಅವಕ್ಕೆ ಎಣ್ಣೆ, ಕಟ್ಟು, ವಿಶ್ರಾಂತಿಗಳುಂಟು. ತಲೆಯೊಳಗಿನ ಪೆಟ್ಟಿಗೆ ಮಾತ್ರ ಈ ಓದಿನಲ್ಲಿ ಸ್ಥಳವಿಲ್ಲ. ವೈದ್ಯರು ಕನ್‌ಕಷನ್ ಎನ್ನುವ ಈ ಆಘಾತದಲ್ಲಿ ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಸಾಮಾನ್ಯ ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿರಬಹುದು. ತಲೆನೋವು, ಮರೆವು, ನಿದ್ರೆಯ ಏರುಪೇರು, ಸಿಡುಕು ಇವೇ ಅದರ ಚಿಹ್ನೆಗಳು. ಹೊರಗುರುತಿಲ್ಲದ ಗಾಯವು ನೋಡುವವರಿಗೆ ಸ್ವಭಾವದೋಷವಾಗಿ ತೋರುತ್ತದೆ: ಸಿಡುಕು ಮದವಾಗುತ್ತದೆ, ಹಿಂಜರಿಕೆ ಹೇಡಿತನವಾಗುತ್ತದೆ. ದೃಷ್ಟಿ ತಗಲಿತೆಂದು ನಿವಾಳಿಸುವುದೂ ಉಂಟು. ಇದನ್ನು ಮೌಢ್ಯವೆಂದು ತಳ್ಳಿಬಿಡುವ ಆತುರ ನನಗಿಲ್ಲ. ನಿವಾಳಿಕೆಯು ದೋಷವನ್ನು ಕನಿಷ್ಠಪಕ್ಷ ವ್ಯಕ್ತಿಯ ಹೊರಗಿರಿಸುತ್ತದೆ. ಆದರೆ ಅದು ಚಿಕಿತ್ಸೆಗೆ ಬದಲಿಯಲ್ಲ.

1993ರಲ್ಲಿ ಬ್ರೂವರ್, ವ್ಯಾನ್ ರಾಲ್ಟ್ ಮತ್ತು ಲಿಂಡರ್ ಎಂಬ ಮನಶ್ಶಾಸ್ತ್ರಜ್ಞರು ‘ಕ್ರೀಡಾ ಅಸ್ಮಿತೆ’ಯನ್ನು ಅಳೆಯುವ ಮಾಪನವೊಂದನ್ನು ಮಂಡಿಸಿ, ಅದು ಕ್ರೀಡಾಪಟುವಿನ ಬಲವೂ ಹೌದು, ಮರ್ಮಸ್ಥಾನವೂ ಹೌದೆಂದು ಚರ್ಚಿಸಿದರು. ಆ ಮಾಪನ ಕೇಳುವುದು ವ್ಯಕ್ತಿಯ ಮನಸ್ಸನ್ನು. ನಮ್ಮ ಗರಡಿಗಳಲ್ಲಿ ಅಸ್ಮಿತೆಯ ಅರ್ಧಭಾಗ ಊರಿನ ಬಾಯಲ್ಲಿರುತ್ತದೆ ಎಂಬುದನ್ನು ಇಲ್ಲಿ ಸೇರಿಸಬೇಕು.

ಪರಂಪರೆಯಲ್ಲಿ ಕಣದಿಂದ ನಿವೃತ್ತಿಗೆ ಗೌರವದ ದಾರಿಯೊಂದಿದೆ: ಪೈಲ್ವಾನನು ವಸ್ತಾದನಾಗುವುದು. ಮೊಣಕಾಲು ಹೋದವನು ಕಟ್ಟೆಯ ಮೇಲೆ ಕುಳಿತು ಡಾವು ಹೇಳಿಕೊಡಬಲ್ಲ. ಆದರೆ ವಸ್ತಾದನಿಗೆ ಬೇಕಾದುದು ನೆನಪು, ಸಹನೆ, ಎಚ್ಚರ. ತಲೆಯ ಪೆಟ್ಟು ಕಾಡುವುದು ಇವನ್ನೇ. ಬಹುಪಾಲು ಜನ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುವರಾದರೂ, ಲಕ್ಷಣಗಳು ಉಳಿದವನಿಗೆ ಹಿಂದಿನ ಸ್ಥಾನವೂ ಮುಂದಿನ ಸ್ಥಾನವೂ ಏಕಕಾಲಕ್ಕೆ ಕೈತಪ್ಪುತ್ತವೆ. ಅವನಲ್ಲಿ ಉಳಿಯುವುದು ಉಪಾಧಿ ಮಾತ್ರ. ಕರೆದಾಗಲೆಲ್ಲ ಅದು ಚುಚ್ಚಬಹುದು.

ಮತ್ತೊಂದು ತೊಡಕು ಕಾಲದ್ದು. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರ ಒಮ್ಮತದ ಹೇಳಿಕೆ (ಪ್ರಕಟಣೆ 2023) ಮೊದಲ 24ರಿಂದ 48 ಗಂಟೆಗಳ ಸಾಪೇಕ್ಷ ವಿಶ್ರಾಂತಿಯನ್ನೂ, ಅನಂತರ ಆರು ಹಂತಗಳಲ್ಲಿ ಮರಳುವ ಕ್ರಮವನ್ನೂ ಸೂಚಿಸುತ್ತದೆ. ಶಂಕೆಯಿದ್ದರೆ ಅದೇ ದಿನ ಕಣಕ್ಕಿಳಿಯುವಂತಿಲ್ಲ. ಜಾತ್ರೆಯ ಕುಸ್ತಿ ಈ ಲೆಕ್ಕಕ್ಕೆ ಕಾಯುವುದಿಲ್ಲ. ಜೋಡಿ ಕೂಡಿಸಿದ ಮೇಲೆ, ಹಲಗೆ ಬಡಿಯುತ್ತಿರುವಾಗ, ತಲೆ ತಿರುಗುತ್ತಿದೆಯೆಂದು ಯುವಕ ತಾನಾಗಿ ಹಿಂದೆ ಸರಿಯುವುದು ಕಷ್ಟ. ಆದರೆ ಜೋಡಿಯನ್ನು ತಡೆಯುವ ಅಧಿಕಾರ ಪರಂಪರೆಯಲ್ಲಿಯೇ ಇದೆ. ವಸ್ತಾದ ಬೇಡವೆಂದರೆ ಶಿಷ್ಯ ಇಳಿಯುವುದಿಲ್ಲ. ಆಗ ಅವನು ಹೆದರಿದವನಲ್ಲ, ಗುರುವಿನ ಮಾತಿಗೆ ನಿಂತವನು.