ಸಾಲಿ ಬಿಟ್ಟ ಮ್ಯಾಲೆ ಕಲಿಯೋದೆಲ್ಲಿ? ನಿಮ್ಮ ಕರದ ರಸೀದಿಯಲ್ಲೇ ಇದೆ ಉತ್ತರ

ಹಾವೇರಿ: ಅಂಗಡಿ ಅಥವಾ ಮನೆಯ ಕರ ಕಟ್ಟಿದ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಆಸ್ತಿ ತೆರಿಗೆಯ ಜೊತೆಗೆ ಆರೋಗ್ಯ ಕರ, ಭಿಕ್ಷುಕರ ಕರ ಅಂತ ಸಣ್ಣ ಸಣ್ಣ ಸಾಲುಗಳಿರುತ್ತವೆ. ಅದರಲ್ಲೇ ಒಂದು ಗ್ರಂಥಾಲಯ ಕರ. ದರ ಶೇ 6. ಅಂದರೆ ತೆರಿಗೆ 1,000 ರೂಪಾಯಿ ಇದ್ದರೆ 60 ರೂಪಾಯಿ ಗ್ರಂಥಾಲಯದ ಹೆಸರಿನಲ್ಲಿ ಹೋಗುತ್ತದೆ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಭಾಗದ ಜನ ಈ ಹಣ ಕಟ್ಟುತ್ತಲೇ ಬಂದಿದ್ದಾರೆ. ಆದರೆ ಗ್ರಂಥಾಲಯದ ಮೆಟ್ಟಿಲು ಹತ್ತಿದವರು ಎಷ್ಟು ಮಂದಿ?

14 ದಾಟಿದವರಿಗೆ ಯಾರು?

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡುತ್ತದೆ. ಅದಾದ ಮೇಲೆ ಹುಡುಗ ಸಾಲಿ ಬಿಟ್ಟು ಗ್ಯಾರೇಜಿಗೋ ಕಿರಾಣಿ ಅಂಗಡಿಗೋ ಸೇರಿದರೆ ಕೇಳುವವರಿಲ್ಲ. ದೊಡ್ಡವರ ಪಾಡೂ ಅಷ್ಟೇ. ಬೀಜದ ಪಾಕೀಟಿನ ಮೇಲಿನ ಸಣ್ಣ ಅಕ್ಷರ, ಬ್ಯಾಂಕಿನ ಸಾಲದ ಕಾಗದ, ಬೆಳೆ ವಿಮೆ ಅರ್ಜಿ ಎಲ್ಲಕ್ಕೂ ಇನ್ನೊಬ್ಬರ ಮುಖ ನೋಡಬೇಕು. ಓದು ಬಾರದ ಕಡೆ ಹಾಕಿದ ಒಂದು ಸಹಿ ಹೊಲವನ್ನೇ ಕಳೆಯಬಹುದು.

ಕೊರೊನಾ ಕಲಿಸಿದ ಪಾಠ

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾಗಿ ಮಾಸ್ತರರೇ ಓಣಿಗೆ ಬಂದರು. ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನ ಎಲ್ಲವೂ ತರಗತಿಯಾದವು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು, ನಿಜ. ಆದರೆ ಕಲಿಕೆಗೆ ಸಾಲಿಯ ನಾಲ್ಕು ಗೋಡೆಯೇ ಬೇಕು ಅಂತೇನಿಲ್ಲ ಎಂಬುದು ಊರಿಗೆಲ್ಲ ಗೊತ್ತಾಯಿತು.

ಅದೇ ವರ್ಷ ನವೆಂಬರ್ 14ರಂದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ‘ಓದುವ ಬೆಳಕು’ ಕಾರ್ಯಕ್ರಮ ಆರಂಭಿಸಿತು. 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತವಾಯಿತು. ಈಗ ಇವೇ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರು. ಬಾಗಿಲು ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ತೆರೆದಿದೆ.

ಯಾರ ಕೈಯಲ್ಲಿ ಏನಿದೆ?

ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಅಂದರೆ ಹಳ್ಳಿಯವರು ಪ್ರಶ್ನೆ ಕೇಳಬೇಕಾದದ್ದು ಸ್ವಂತ ಪಂಚಾಯಿತಿಯನ್ನೇ. ಪಟ್ಟಣದ ಗ್ರಂಥಾಲಯಗಳು ಈಗಲೂ ಗ್ರಂಥಾಲಯ ಇಲಾಖೆಯಲ್ಲೇ ಇವೆ. ಅಲ್ಲಿ ಕರ ವಸೂಲಿ ಮಾಡುವುದು ಪುರಸಭೆ ಅಥವಾ ಪಟ್ಟಣ ಪಂಚಾಯಿತಿ, ಅದನ್ನು ಇಲಾಖೆಗೆ ದಾಟಿಸಬೇಕಾದದ್ದೂ ಅವೇ.

ನೀವೇನು ಮಾಡಬಹುದು?

ಮೊದಲನೆಯದು, ಮಕ್ಕಳ ಹೆಸರು ಬರೆಸಿ. ಖರ್ಚಿಲ್ಲ.

ಎರಡನೆಯದು ಅಂಗಡಿಕಾರರಿಗೆ. ನಿಮ್ಮಲ್ಲಿ ಅರ್ಧಕ್ಕೆ ಸಾಲಿ ಬಿಟ್ಟ ಹುಡುಗರಿದ್ದರೆ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ದಿನಕ್ಕೊಂದು ತಾಸು ಓದಲು ಬಿಡಿ. 15 ವರ್ಷ ತುಂಬಿದವರು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟಬಹುದು. ವಿವರಕ್ಕೆ ಬಿಇಒ ಕಚೇರಿಯಲ್ಲಿ ವಿಚಾರಿಸಿ.

ಮೂರನೆಯದು, ಲೆಕ್ಕ ಕೇಳಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಈ ವರ್ಷ ಗ್ರಂಥಾಲಯ ಕರ ಎಷ್ಟು ಬಂತು, ಯಾವ ಪುಸ್ತಕ ತಂದಿರಿ, ವಿದ್ಯುತ್ ಬಿಲ್ ಕಟ್ಟಿದೆಯೇ ಅಂತ ಕೇಳುವುದು ತಪ್ಪಲ್ಲ. ಪಟ್ಟಣದವರು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಕೇಳಬಹುದು.

ನಾಲ್ಕನೆಯದು ವೇಳೆ. ಹೊಲದಿಂದ, ಕೂಲಿಯಿಂದ ಜನ ಮನೆಗೆ ಬರುವ ಹೊತ್ತಿಗೆ ಗ್ರಂಥಾಲಯಕ್ಕೆ ಬೀಗ ಬಿದ್ದಿದ್ದರೆ ಅದು ದೊಡ್ಡವರಿಗೆ ಇದ್ದೂ ಇಲ್ಲದಂತೆ. ಸಂಜೆ ಹೊತ್ತು ತೆರೆಯಿರಿ ಎಂದು ಗ್ರಾಮಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ.

ವಯಸ್ಸು ಅಡ್ಡಿಯಲ್ಲ

ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಷರೀಫರು ಮೊದಲು ಸಾಲಿ ಮಾಸ್ತರರಾಗಿದ್ದವರು. ಆ ಕೆಲಸ ಬಿಟ್ಟು ಕಳಸದ ಗೋವಿಂದ ಭಟ್ಟರ ಶಿಷ್ಯರಾದರು. ಕಲಿಸುತ್ತಿದ್ದವರೇ ಮತ್ತೆ ಕಲಿಯಲು ಕುಳಿತ ನೆಲ ಇದು. ಐವತ್ತರ ರೈತನೋ ಅಂಗಡಿಯ ಅಕ್ಕನೋ ಅರಿವು ಕೇಂದ್ರದಲ್ಲಿ ಮಕ್ಕಳ ಪಕ್ಕ ಕುಳಿತು ಓದಿದರೆ ನಾಚಿಕೆಪಡುವಂಥದ್ದೇನಿಲ್ಲ. ಕರ ಹೇಗೂ ಕಟ್ಟಿದ್ದೀರಿ. ಒಂದು ಸಂಜೆ ಮಕ್ಕಳ ಕೈ ಹಿಡಿದು ಹೋಗಿ ಬನ್ನಿ.