ಬೀಡು ನೆಲೆವೀಡಾಗದಂತೆ



'ಬೀಡು' ಎಂಬುದು ಕನ್ನಡದ ಬಹು ಹಳೆಯ ಮಾತು. 'ಬಿಡು' ಎಂಬ ಧಾತುವಿನಿಂದ ಬಂದದ್ದು. ದಾರಿ ನಡೆದು ದಣಿದವರು ಹೊರೆ ಇಳಿಸಿ, ಎತ್ತುಗಳ ಕೊರಳು ಬಿಟ್ಟು, ಇರುಳು ಕಳೆಯಲು ತಂಗುವ ಎಡೆಯೇ ಬೀಡು. ಆದರೆ ಅರಸರು ಒಂದು ಕಡೆ ಬೀಡುಬಿಟ್ಟರೆ ಏಳುವುದು ಅಷ್ಟು ಸುಲಭವಲ್ಲ. ಡೇರೆಗಳ ಪಕ್ಕದಲ್ಲಿ ಅಂಗಡಿಗಳು ಏಳುತ್ತವೆ, ಬಾವಿ ತೋಡುತ್ತಾರೆ, ಗುಡಿ ಕಟ್ಟುತ್ತಾರೆ. ನಿಂತು ನೆಲೆಯಾದ ಅಂಥ ಬೀಡನ್ನು, ರಾಜಧಾನಿಯನ್ನು, ನಮ್ಮ ಶಾಸನಗಳು 'ನೆಲೆವೀಡು' ಎಂದು ಕರೆಯುತ್ತವೆ. ತುಳುನಾಡಿನಲ್ಲಿ ಹಳೆಯ ಬಲ್ಲಾಳರ ಮನೆಗಳಿಗೆ ಇಂದಿಗೂ ಬೀಡು ಎಂದೇ ಹೆಸರು. ಅವು ತಲೆಮಾರುಗಳಿಂದ ನಿಂತ ಮನೆಗಳೇ ಹೊರತು ಡೇರೆಗಳಲ್ಲ. ಬೀಡು ನೆಲೆವೀಡಾಗುವ ಈ ಪ್ರವೃತ್ತಿಯನ್ನು ತಡೆಯುವುದಕ್ಕೆಂದೇ ಒಂದು ದೇಶ ನಿಯಮಗಳನ್ನು ಮಾಡಿಕೊಂಡಿದೆ. ಅಮೆರಿಕದ ಸಾರ್ವಜನಿಕ ಭೂಮಿಯಲ್ಲಿ ಬೇಟೆಗೆಂದು ಹೋಗಿ ಡೇರೆ ಹಾಕುವವರಿಗೆ ಅನ್ವಯಿಸುವ ನಿಯಮಗಳವು. ಅವುಗಳನ್ನು ಕುರಿತು ಈ ಹೊತ್ತು ನಾಲ್ಕು ಮಾತು.

ನಾನು ಬೇಟೆಗಾರನಲ್ಲ; ಬಂದೂಕನ್ನು ಕೈಯಲ್ಲಿ ಹಿಡಿದವನೂ ಅಲ್ಲ. ಅರಿಜೋನಾ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ, ನೆರೆಯಲ್ಲಿದ್ದ ಹಿರಿಯ ಬೇಟೆಗಾರರೊಬ್ಬರು ಓದಲು ಕೊಟ್ಟ ನಿಯಮಾವಳಿಯೇ ನನ್ನ ಕುತೂಹಲಕ್ಕೆ ಮೂಲ. ವ್ಯಾಕರಣದ ಸೂತ್ರಗಳನ್ನು ಓದಿ ಅಭ್ಯಾಸವಾದವನಿಗೆ ಕಾನೂನಿನ ಸೂತ್ರಗಳೂ ಬೇಸರ ತರಿಸುವುದಿಲ್ಲ. ಪ್ರತಿಯೊಂದು ಸೂತ್ರದ ಹಿಂದೆಯೂ ಯಾರೋ ಒಬ್ಬರು ಹಿಂದೆ ಮಾಡಿದ ಅನಾಹುತವಿರುತ್ತದೆ.

ಮೊದಲು ಆ ನೆಲದ ವಿಸ್ತಾರವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಅಮೆರಿಕದ ಒಟ್ಟು ನೆಲದಲ್ಲಿ ಕಾಲುಭಾಗಕ್ಕೂ ಹೆಚ್ಚು ಕೇಂದ್ರ ಸರ್ಕಾರದ ಕೈಯಲ್ಲಿದೆ. ಭೂನಿರ್ವಹಣಾ ಇಲಾಖೆಯೊಂದೇ ನೋಡಿಕೊಳ್ಳುವ ಭೂಮಿ ಸುಮಾರು 24.5 ಕೋಟಿ ಎಕರೆ, ಎಂದರೆ ನಮ್ಮ ಕರ್ನಾಟಕದ ಐದರಷ್ಟು. ರಾಷ್ಟ್ರೀಯ ಅರಣ್ಯಗಳು ಇದಕ್ಕೆ ಹೊರತು. ಈ ನೆಲದ ಬಹುಭಾಗದಲ್ಲಿ ಯಾರು ಬೇಕಾದರೂ, ಬಾಡಿಗೆ ಕೊಡದೆ, ಮುಂಚಿತವಾಗಿ ಹೇಳದೆ, ಡೇರೆ ಹಾಕಿ ಮಲಗಬಹುದು. ಬೇಟೆಗೆ ಪರವಾನಗಿ ಬೇಕು. ಮಲಗುವುದಕ್ಕೆ ಸಾಮಾನ್ಯವಾಗಿ ಬೇಡ.

ಎಷ್ಟು ದಿನ? ಸಾಮಾನ್ಯವಾಗಿ ಹದಿನಾಲ್ಕು ದಿನ. ಯಾವುದೇ 28 ದಿನಗಳ ಅವಧಿಯಲ್ಲಿ ಹದಿನಾಲ್ಕು ದಿನ ಒಂದು ಜಾಗದಲ್ಲಿದ್ದರೆ ಮುಗಿಯಿತು. ಡೇರೆ ಕಿತ್ತು ದೂರ ಹೋಗಬೇಕು. ಹಲವೆಡೆ ಆ ದೂರ 25 ಮೈಲಿ. ಹತ್ತು ಗಜ ಸರಿದು ಮತ್ತೆ ಗೂಟ ಹೊಡೆದರೆ ಸಾಲದು. ಅರಣ್ಯದಿಂದ ಅರಣ್ಯಕ್ಕೆ ಅವಧಿಯಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಆದ್ದರಿಂದ ಆಯಾ ಕಚೇರಿಯಲ್ಲಿ ಕೇಳಿಕೊಂಡೇ ಹೊರಡುವುದು ವಾಡಿಕೆ.

ಈ ನಿಯಮದ ಸ್ವಾರಸ್ಯ ತಿಳಿಯಬೇಕಾದರೆ ಇತಿಹಾಸಕ್ಕೆ ಹೋಗಬೇಕು. ಇದೇ ಸರ್ಕಾರ 1862ರಲ್ಲಿ ಹೋಮ್‌ಸ್ಟೆಡ್ ಕಾಯಿದೆ ಎಂಬುದನ್ನು ಮಾಡಿ, 160 ಎಕರೆ ನೆಲದಲ್ಲಿ ಮನೆ ಕಟ್ಟಿ, ಉತ್ತು ಬಿತ್ತಿ, ಐದು ವರ್ಷ ನಿಂತವನಿಗೆ ಆ ನೆಲ ಸ್ವಂತ ಎಂದು ಸಾರಿತ್ತು. ನಿಲ್ಲುವುದೇ ಆಗ ಹಕ್ಕಿನ ಆಧಾರ. ಆ ನೆಲವಾದರೂ ಅದಕ್ಕೆ ಮೊದಲು ಮೂಲನಿವಾಸಿಗಳ ಕೈಯಿಂದ ಕಿತ್ತುಕೊಂಡದ್ದೇ ಎಂಬುದನ್ನು ಮರೆಯುವಂತಿಲ್ಲ. 'ಎಲ್ಲರ ನೆಲ' ಎಂಬ ಮಾತಿನ ಕೆಳಗೆ ಆ ಗಾಯ ಇದ್ದೇ ಇದೆ. 1976ರಲ್ಲಿ, ಅಲಾಸ್ಕಾ ಒಂದನ್ನು ಬಿಟ್ಟು, ಆ ಕಾಯಿದೆ ರದ್ದಾಯಿತು. ಉಳಿದ ನೆಲ ಸಾಮಾನ್ಯವಾಗಿ ಸಾರ್ವಜನಿಕವಾಗಿಯೇ ಉಳಿಯತಕ್ಕದ್ದು ಎಂಬ ನೀತಿ ಅದೇ ವರ್ಷದ ಹೊಸ ಕಾಯಿದೆಯಲ್ಲಿ ಬಂತು. ಐದು ವರ್ಷ ನಿಂತರೆ ನಿನ್ನದು ಎಂದ ಬಾಯಿಯೇ, ಹದಿನೈದನೆಯ ದಿನ ಏಳು ಎನ್ನತೊಡಗಿತು. ಬಗರ್‌ಹುಕುಂ ಎಂಬ ಮಾತನ್ನು ಬಲ್ಲ, ಗೋಮಾಳಗಳು ವರ್ಷದಿಂದ ವರ್ಷಕ್ಕೆ ಕಿರಿದಾಗುವುದನ್ನು ಕಂಡ ನಮಗೆ ಇದರ ಅರ್ಥ ಬೇಗ ಆಗುತ್ತದೆ.

ಬೇಟೆಗಾರರು ಹೂಡುವ ಉಪಾಯಗಳೂ ನಮಗೆ ಅಪರಿಚಿತವಲ್ಲ. ನಮ್ಮಲ್ಲಿ ಕಿಟಕಿಯ ಮೂಲಕ ಬಸ್ಸಿನ ಸೀಟಿನ ಮೇಲೆ ಕರವಸ್ತ್ರ ಎಸೆಯುವುದಿಲ್ಲವೆ? ಅಲ್ಲಿ ಬೇಟೆಯ ಋತು ತೆರೆಯುವುದಕ್ಕೆ ವಾರಗಳ ಮುಂಚೆಯೇ ಒಳ್ಳೆಯ ಜಾಗ ನೋಡಿ ಖಾಲಿ ಡೇರೆಯನ್ನೋ ಗಾಡಿಯನ್ನೋ ನಿಲ್ಲಿಸಿ ಊರಿಗೆ ಮರಳುವವರಿದ್ದಾರೆ. ಅದಕ್ಕೂ ಸೂತ್ರವುಂಟು: ಭೂನಿರ್ವಹಣಾ ಇಲಾಖೆಯ ನೆಲದಲ್ಲಿ ಸ್ವಂತ ಸಾಮಾನನ್ನು ಹತ್ತು ದಿನಕ್ಕಿಂತ ಹೆಚ್ಚು ಕಾಲ ಕಾಯುವವರಿಲ್ಲದೆ ಬಿಡಕೂಡದು. ಅಲಾಸ್ಕಾದಲ್ಲಿ ಮಾತ್ರ ಹನ್ನೆರಡು ತಿಂಗಳು. ಅಲ್ಲಿನ ದೂರಗಳು ಹಾಗೆ.

ಆದರೆ ಈ ಹದಿನಾಲ್ಕು ದಿನದ ಲೆಕ್ಕ ಎಲ್ಲರ ಮೇಲೂ ಒಂದೇ ಭಾರವಾಗಿ ಬೀಳುವುದಿಲ್ಲ. ಬೇಟೆ ಮುಗಿಸಿದವನಿಗೆ ಮರಳಲು ಮನೆಯಿದೆ. ಮನೆಬಾಡಿಗೆ ತೆರಲಾರದೆ ಕಾಡನ್ನೇ ಮನೆ ಮಾಡಿಕೊಂಡವರೂ ಆ ದೇಶದಲ್ಲಿದ್ದಾರೆ. ಒರೆಗಾನ್ ರಾಜ್ಯದ ಡಶೂಟ್ಸ್ ರಾಷ್ಟ್ರೀಯ ಅರಣ್ಯದಲ್ಲಿ ಬಹುಕಾಲ ನೆಲೆಸಿದ್ದ ಅಂಥವರನ್ನು 2025ರ ಮೇ ತಿಂಗಳಲ್ಲಿ ಎಬ್ಬಿಸಲಾಯಿತು. ಕಾಳ್ಗಿಚ್ಚು ತಡೆಯುವ ಕೆಲಸಕ್ಕಾಗಿ ಅರಣ್ಯವನ್ನು ಮುಚ್ಚಬೇಕಾಯಿತು ಎಂಬುದು ಇಲಾಖೆಯ ಸಮರ್ಥನೆ. ಇರಬಹುದು. ನೆಲೆವೀಡೇ ಇಲ್ಲದವನಿಗೆ 'ಬೀಡು ಕಿತ್ತು ಹೊರಡು' ಎಂದರೆ ಎಲ್ಲಿಗೆ ಎಂಬ ಪ್ರಶ್ನೆಗೆ ಮಾತ್ರ ಆ ನಿಯಮಾವಳಿಯಲ್ಲಿ ಉತ್ತರವಿಲ್ಲ.

ಡೇರೆ ಹಾಕುವ ಮುನ್ನ ನೆಲ ಯಾರದೆಂದು ತಿಳಿಯುವುದು ಇನ್ನೊಂದು ಕೆಲಸ. ಭೂಪಟದಲ್ಲಿ ಹಳದಿ ಬಣ್ಣ ಭೂನಿರ್ವಹಣಾ ಇಲಾಖೆಯದು, ಹಸಿರು ರಾಷ್ಟ್ರೀಯ ಅರಣ್ಯ, ಬಿಳಿ ಖಾಸಗಿ, ನೀಲಿ ರಾಜ್ಯದ ನ್ಯಾಸಭೂಮಿ. ಈ ನೀಲಿಯಲ್ಲೇ ಜನ ಎಡವುವುದು. ಅರಿಜೋನಾದಲ್ಲಿ ಅದು ಮುಖ್ಯವಾಗಿ ಶಾಲೆಗಳಿಗೆ ವರಮಾನ ತರಲೆಂದು ಮೀಸಲಾದ ನೆಲ. ನೋಡಲು ಪಕ್ಕದ ಹಳದಿಯಂತೆಯೇ ಇದ್ದರೂ ಅದರ ನಿಯಮಗಳು ಬೇರೆ.

ಇನ್ನು ನೀರಿನ ಮಾತು. ನನ್ನ ಮನಸ್ಸನ್ನು ಬಹಳವಾಗಿ ಸೆಳೆದದ್ದು ಇದೇ. ಅರಿಜೋನಾ ಒಣನಾಡು. ದನಗಳಿಗೆಂದು ಕಟ್ಟಿದ ಸಣ್ಣ ಮಣ್ಣಿನ ಕಟ್ಟೆಗಳು ಅಲ್ಲಲ್ಲಿ ಇವೆ. ಇಂಗ್ಲಿಷರು ನಮ್ಮ ಕೆರೆಗಳಿಗೆ ಇಟ್ಟ 'ಟ್ಯಾಂಕ್' ಎಂಬ ಹೆಸರೇ ಅಲ್ಲಿಯೂ ಅವಕ್ಕೆ. ಅಂಥ ಕಟ್ಟೆಯಿಂದಾಗಲಿ, ನೀರಿರುವ ಸಹಜವಾದ ಹೊಂಡದಿಂದಾಗಲಿ ಕಾಲು ಮೈಲಿಯೊಳಗೆ, ಕಾಡುಪ್ರಾಣಿಗಳಿಗೂ ದನಗಳಿಗೂ ಸಿಗುವಂತಿರುವ ಒಂದೇ ನೀರಿಗೆ ಅಡ್ಡಿಯಾಗುವಂತೆ ಡೇರೆ ಹಾಕುವುದು ಆ ರಾಜ್ಯದಲ್ಲಿ ಅಪರಾಧ. ಡೇರೆಯವನು ಪ್ರಾಣಿಗಳನ್ನು ಬೆದರಿಸಿ ಓಡಿಸಬೇಕೆಂದಿಲ್ಲ. ಮನುಷ್ಯರ ವಾಸನೆ, ದೀಪದ ಬೆಳಕು, ಪಾತ್ರೆಯ ಸದ್ದು, ಇಷ್ಟೇ ಸಾಕು. ಮುಸ್ಸಂಜೆಯಲ್ಲಿ ನೀರಿಗೆ ಬಂದ ಜಿಂಕೆ ದೂರದಲ್ಲೇ ನಿಂತು, ಕಿವಿ ನಿಮಿರಿಸಿ, ಹಿಂತಿರುಗುತ್ತದೆ. ಮರುದಿನವೂ ಹಾಗೆಯೇ. ತಣ್ಣಗೆ ನೀರಿನ ದಡದಲ್ಲಿ ಮಲಗಿದವನಿಗೆ, ಆ ರಾತ್ರಿ ಎಷ್ಟು ಪ್ರಾಣಿಗಳು ಬಾಯಾರಿ ಮರಳಿದವು ಎಂಬುದು ತಿಳಿಯುವುದೇ ಇಲ್ಲ. ಆದ್ದರಿಂದ ಅದನ್ನು ಅವನ ವಿವೇಚನೆಗೆ ಬಿಡದೆ ಕಾನೂನೇ ಅಳತೆ ಹಾಕಿತು.

ನೀರಿನ ಬಳಿ ಮೃಗವನ್ನು ಹೊಡೆಯುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ, ನೀರು ಕುಡಿಯಲು ಬರುವ ಮೃಗಗಳನ್ನು ಕಾದು ಹೊಡೆಯುವುದೂ ಬೇಟೆಯ ಬಗೆಗಳಲ್ಲಿ ಸೇರಿದೆ. ಎಂಟು ಶತಮಾನಗಳ ತರುವಾಯ, 1972ರ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆ ನೀರಿನ ತಾಣಗಳಲ್ಲಿ, ಉಪ್ಪುನೆಲದಲ್ಲಿ, ಅವುಗಳ ದಾರಿಯಲ್ಲಿ ಬೇಟೆಯಾಡುವುದನ್ನು ನಿಷೇಧಿಸಿತು. 1991ರ ತಿದ್ದುಪಡಿ ವಿನೋದದ ಬೇಟೆಯನ್ನೇ ನಿಲ್ಲಿಸಿದ್ದರಿಂದ ಆ ಸೂತ್ರಕ್ಕೆ ಕೆಲಸವಿಲ್ಲದೆ ಅದೂ ಬಿದ್ದುಹೋಯಿತು.

ನೀರಿನಂತೆಯೇ ಬೆಂಕಿ. 2013ರ ಆಗಸ್ಟ್ 17ರಂದು ಕ್ಯಾಲಿಫೋರ್ನಿಯಾದ ಸ್ಟ್ಯಾನಿಸ್ಲಾಸ್ ರಾಷ್ಟ್ರೀಯ ಅರಣ್ಯದಲ್ಲಿ ಕಾಳ್ಗಿಚ್ಚು ಹೊತ್ತಿತು. ಬಿಲ್ಲುಬಾಣ ಹಿಡಿದು ಬೇಟೆಗೆ ಹೋಗಿದ್ದವನೊಬ್ಬನು, ಬೆಂಕಿ ಹಾಕಕೂಡದೆಂಬ ತಾತ್ಕಾಲಿಕ ಆಜ್ಞೆಯಿದ್ದ ಕಾಲದಲ್ಲಿ ಹಾಕಿದ ಒಲೆಯೇ ಮೂಲವೆಂದು ಅರಣ್ಯ ಇಲಾಖೆ ಹೇಳಿತು. ಸುಟ್ಟದ್ದು 2,57,314 ಎಕರೆ. ಬೆಂಕಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದೊಳಕ್ಕೂ ನುಗ್ಗಿತು. ಬಹು ದೂರದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ನೀರು ಕೊಡುವ ಜಲಾಶಯ ಆ ದಿಕ್ಕಿನಲ್ಲಿದ್ದುದರಿಂದ ನಗರದಲ್ಲಿಯೂ ತುರ್ತುಪರಿಸ್ಥಿತಿ ಘೋಷಿಸಬೇಕಾಯಿತು. ಆ ಮನುಷ್ಯನ ಮೇಲೆ 2014ರಲ್ಲಿ ಮೊಕದ್ದಮೆ ಹೂಡಿದರು. ಮುಖ್ಯ ಸಾಕ್ಷಿಗಳಿಬ್ಬರು ತೀರಿಕೊಂಡದ್ದರಿಂದ 2015ರಲ್ಲಿ ಅದನ್ನು ಹಿಂತೆಗೆದುಕೊಂಡರು. ಆರೋಪ ಸಾಬೀತಾಗಲಿಲ್ಲ, ಮರಗಳು ಮಾತ್ರ ಬೂದಿಯಾದವು. ಅದಕ್ಕೂ ಹತ್ತು ವರ್ಷ ಹಿಂದೆ, 2003ರ ಅಕ್ಟೋಬರಿನಲ್ಲಿ, ಅದೇ ರಾಜ್ಯದ ದಕ್ಷಿಣದಲ್ಲಿ ದಾರಿ ತಪ್ಪಿದ ಬೇಟೆಗಾರನೊಬ್ಬ ಸಹಾಯಕ್ಕಾಗಿ ಹಾಕಿದ ಬೆಂಕಿ ಗಾಳಿಗೆ ಹಬ್ಬಿ 15 ಜನರನ್ನು ಬಲಿತೆಗೆದುಕೊಂಡಿತು; ಎರಡು ಸಾವಿರಕ್ಕೂ ಮಿಕ್ಕ ಮನೆಗಳು ಉರಿದವು.

ಆದ್ದರಿಂದ ಒಲೆ ಆರಿಸುವುದಕ್ಕೂ ವಿಧಿಯುಂಟು. ನೀರು ಸುರಿಯಬೇಕು, ಕೋಲಿನಿಂದ ಕಲಕಬೇಕು, ಮತ್ತೆ ಸುರಿಯಬೇಕು. ಕೊನೆಗೆ ಕೈಯಿಂದ ಮುಟ್ಟಿ ನೋಡಿ ತಣ್ಣಗಿದ್ದರೆ ಮಾತ್ರ ಏಳಬೇಕು. ಮೇಲೆ ಮಣ್ಣು ಮುಚ್ಚಿ ಹೊರಟರೆ ಕೆಂಡ ಒಳಗೇ ಬದುಕಿರುತ್ತದೆ. ಬೂದಿ ಮುಚ್ಚಿದ ಕೆಂಡದ ಗುಣವನ್ನು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಳಗಿನ ಒಲೆಗೆ ಅವರು ನೆಚ್ಚಿದ್ದೇ ಅದನ್ನು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಸೌದೆಗೆ ಬಿದ್ದ ಒಣಮರವನ್ನಷ್ಟೇ ಆರಿಸಬೇಕು. ದೂರದೂರಿನಿಂದ ಸೌದೆ ತರಬಾರದು, ಅದರೊಳಗೆ ಮರ ಕೊರೆಯುವ ಹುಳು ಪ್ರಯಾಣ ಮಾಡುತ್ತದೆ. ಕುದುರೆಗೆ ಒಯ್ಯುವ ಹುಲ್ಲಿನಲ್ಲಿ ಕಳೆಯ ಬೀಜವಿಲ್ಲವೆಂಬ ಪ್ರಮಾಣಪತ್ರ ಬೇಕೆನ್ನುವ ಅರಣ್ಯಗಳೂ ಇವೆ. ಕರಡಿಗಳಿರುವ ಯೆಲ್ಲೊಸ್ಟೋನ್ ಸುತ್ತಿನ ಕಾಡುಗಳಲ್ಲಿ ಆಹಾರವನ್ನು ಕರಡಿ ತೆರೆಯಲಾರದ ಪೆಟ್ಟಿಗೆಯಲ್ಲಿಡಬೇಕು, ಇಲ್ಲವೆ ನೆಲದಿಂದ ಹತ್ತು ಅಡಿ ಎತ್ತರದಲ್ಲಿ, ಮರದಿಂದ ನಾಲ್ಕು ಅಡಿ ಆಚೆಗೆ ತೂಗುಹಾಕಬೇಕು. ಮನುಷ್ಯರ ಅನ್ನದ ರುಚಿ ಕಂಡ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುವುದುಂಟು. ಬಹಿರ್ದೆಸೆಗೆ ನೀರಿನಿಂದ 200 ಅಡಿ ದೂರ ಹೋಗಿ, ಆರೆಂಟು ಅಂಗುಲ ಆಳದ ಗುಂಡಿ ತೋಡಿ, ಮುಚ್ಚಬೇಕು.

ಕಡೆಯದಾಗಿ ಗುಂಡಿನ ವಿಷಯ. ರಾಷ್ಟ್ರೀಯ ಅರಣ್ಯಗಳಲ್ಲಿ ಮನೆ, ಕಟ್ಟಡ ಅಥವಾ ಬಿಡಾರದಿಂದ 150 ಗಜದೊಳಗೆ ಬಂದೂಕು ಹಾರಿಸಕೂಡದು. ಸೂತ್ರದಲ್ಲಿ ಈ ಮೂರೂ ಒಂದೇ ಸಾಲಿನಲ್ಲಿ ನಿಂತಿವೆ. ನಿನ್ನೆ ಸಂಜೆ ನಾಲ್ಕು ಗೂಟ ಹೊಡೆದು ಎತ್ತಿದ ಬಟ್ಟೆಯ ಗುಡಾರಕ್ಕೂ, ಕಲ್ಲಿನಲ್ಲಿ ಕಟ್ಟಿದ ಮನೆಗೂ ಗುಂಡಿನಿಂದ ಒಂದೇ ಅಳತೆಯ ರಕ್ಷಣೆ. ಅದರೊಳಗೆ ಮಲಗಿದವನಿಗೆ ಆ ನೆಲದ ಮೇಲೆ ಪಟ್ಟೆಯಿಲ್ಲ, ಪಹಣಿಯಿಲ್ಲ. ಆದರೂ ಬೆಳಗಿನ ಮಬ್ಬಿನಲ್ಲಿ ಜಿಂಕೆಯ ಹೆಜ್ಜೆ ಹಿಡಿದು ಬರುವ ಇನ್ನೊಬ್ಬ ಬೇಟೆಗಾರ ಆ ಗುಡಾರವನ್ನು ಕಂಡೊಡನೆ ಬಂದೂಕಿನ ಮೂತಿ ತಗ್ಗಿಸಿ, ಸುತ್ತುಬಳಸಿ ಹೋಗತಕ್ಕದ್ದು.