ಗಣಕಯಂತ್ರಗಳ ವೇಗವನ್ನು ತೂಗಿ ನೋಡುವ ಬಗೆ

ಮಲಪ್ರಭಾ ಕಾಲುವೆಯ ನೀರು ತಲುಪದ ಹೊಲಗಳಲ್ಲಿ, ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಒಕ್ಕಲುತನವು ಮಳೆಯನ್ನೇ ನಂಬಿ ನಡೆಯತಕ್ಕದ್ದು. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ ಮತ್ತು ಕಡಲೆ. ಬಿತ್ತುವ ಹದ ತಪ್ಪಿದರೆ ವರ್ಷದ ಕೂಳೇ ತಪ್ಪಿದಂತೆ. ಮಳೆಯ ಮುನ್ಸೂಚನೆಯ ಲೆಕ್ಕವನ್ನು ಈಗ ಗಣಕಯಂತ್ರಗಳು ಮಾಡುತ್ತವೆ. ನಾಳಿನ ಹವೆಯನ್ನು ಲೆಕ್ಕಿಸಲು ಎರಡು ದಿನ ತೆಗೆದುಕೊಳ್ಳುವ ಯಂತ್ರದಿಂದ ರೈತನಿಗೇನು ಫಲ? ಆದುದರಿಂದ, ಬೇರೆ ಬೇರೆ ರಚನೆಯ ಯಂತ್ರಗಳಲ್ಲಿ ಯಾವುದು ನಿಜವಾಗಿ ವೇಗವುಳ್ಳದ್ದೆಂಬ ಪ್ರಶ್ನೆ ಈ ಸೀಮೆಗೂ ಸಂಬಂಧಿಸಿದ್ದೇ ಆಗಿದೆ.

ಮಾರಾಟಗಾರರು ಸಾಮಾನ್ಯವಾಗಿ ಯಂತ್ರದೊಳಗಿನ ಗಡಿಯಾರದ ಬಡಿತವನ್ನೋ, ಸೆಕೆಂಡಿಗೆ ನಡೆಯುವ ಆದೇಶಗಳ ಸಂಖ್ಯೆಯನ್ನೋ ಮುಂದಿಡುತ್ತಾರೆ. ರಚನೆ ಬೇರೆಯಾದೊಡನೆ ಈ ಅಂಕಿಗಳು ಬೆಲೆ ಕಳೆದುಕೊಳ್ಳುತ್ತವೆ. ಸ್ಮೃತಿಯಲ್ಲಿರುವ ಒಂದು ಸಂಖ್ಯೆಗೆ ಇನ್ನೊಂದನ್ನು ಕೂಡಿಸಲು ಇಂಟೆಲ್ ಜಾತಿಯ ಯಂತ್ರಕ್ಕೆ ಒಂದೇ ಆದೇಶ ಸಾಕು. ಆರ್ಮ್ ಜಾತಿಯದು ತರುವುದು, ಕೂಡಿಸುವುದು, ಮರಳಿ ಇಡುವುದು ಎಂದು ಸಾಮಾನ್ಯವಾಗಿ ಮೂರು ಆದೇಶಗಳಲ್ಲಿ ಅದನ್ನೇ ಸಾಧಿಸುತ್ತದೆ. ಕಣದಲ್ಲಿ ಒಬ್ಬನು ಹಿಡಿಯಿಂದ, ಮತ್ತೊಬ್ಬನು ಬೊಗಸೆಯಿಂದ ಕಾಳು ತುಂಬುವಾಗ ಕೈ ಎಷ್ಟು ಸಲ ಆಡಿತೆಂದು ಎಣಿಸಿದರೆ, ಯಾರ ಚೀಲ ಮೊದಲು ತುಂಬಿತೆಂಬುದು ತಿಳಿಯದು. 1977ರಲ್ಲಿ ಬಂದ ವ್ಯಾಕ್ಸ್-11/780 ಯಂತ್ರವು ಸೆಕೆಂಡಿಗೆ 10 ಲಕ್ಷ ಆದೇಶ ನಡೆಸುವುದೆಂದು ಹೆಸರಾಗಿತ್ತು. ಮುಂದೆ ಅಳೆದು ನೋಡಿದಾಗ ಕಂಡದ್ದು ಸುಮಾರು 5 ಲಕ್ಷ. ಆದರೂ ಯಂತ್ರ ಒಳ್ಳೆಯದೇ ಆಗಿತ್ತು, ಅಳತೆಗೋಲು ಮಾತ್ರ ಸೊಟ್ಟ.

ಗಜೇಂದ್ರಗಡದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಬಲ್ಲವರಿಗೆ ಇನ್ನೊಂದು ಮಾತು ಬೇಗನೆ ಮನದಟ್ಟಾಗುವುದು. ಯಂತ್ರದ ಮೇಲೆ ಬರೆದ ಸಾಮರ್ಥ್ಯ ಬೇರೆ, ವರ್ಷದಲ್ಲಿ ಅದು ಕೊಟ್ಟ ವಿದ್ಯುತ್ತು ಬೇರೆ. ಮಹಾಗಣಕಗಳ ಗರಿಷ್ಠ ವೇಗವೂ ಹಾಗೆಯೇ. ಸ್ಮೃತಿಯಿಂದ ಅಂಕಿಗಳು ಬರುವುದನ್ನೇ ಕಾಯುತ್ತಿರಬೇಕಾದ ಲೆಕ್ಕಗಳಲ್ಲಿ ಆ ವೇಗದ ಶೇಕಡಾ ಕೆಲವೇ ಪಾಲು ಕೈಗೆ ಬರುತ್ತದೆ.

ಈ ಗೊಂದಲವನ್ನು ನೀಗಲೆಂದೇ 1988ರಲ್ಲಿ ಅಮೆರಿಕದಲ್ಲಿ ಸ್ಪೆಕ್ ಎಂಬ ಸಂಸ್ಥೆ ಹುಟ್ಟಿ, ನಿಜವಾದ ಕಾರ್ಯಕ್ರಮಗಳನ್ನೇ ಓಡಿಸಿ ಕಾಲ ಅಳೆಯುವ ಪದ್ಧತಿಯನ್ನು ತಂದಿತು. ಅಲ್ಲಿಯೂ ಚಾತುರ್ಯ ನುಸುಳಿತು. ಮೊದಲ ಸಂಚಿಕೆಯ ಮ್ಯಾಟ್ರಿಕ್ಸ್-300 ಎಂಬ ಪರೀಕ್ಷೆಗೆ ಹೊಂದುವಂತೆ ಅನುವಾದಕ ತಂತ್ರಾಂಶವನ್ನು ಮಾರ್ಪಡಿಸಿದಾಗ ಅಂಕಗಳು ಹಲವು ಪಟ್ಟು ಏರಿದವು. 1992ರ ಸಂಚಿಕೆಯಲ್ಲಿ ಆ ಪರೀಕ್ಷೆಯನ್ನೇ ಕೈಬಿಡಬೇಕಾಯಿತು.

ನಮ್ಮ ನಾಡಿನ ಉದಾಹರಣೆ ಇದಕ್ಕಿಂತ ಸ್ವಾರಸ್ಯಕರ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕಯಂತ್ರ ರೂಪುಗೊಂಡಿತು. ಸಾಮಾನ್ಯ ಮೈಕ್ರೋಪ್ರೊಸೆಸರುಗಳನ್ನು ಒಂದೇ ನೊಗಕ್ಕೆ ಹೂಡುವುದು ಅದರ ತತ್ತ್ವ. ದೆಹಲಿಯ ಹವಾಮಾನ ಕೇಂದ್ರದಲ್ಲಿದ್ದ ಕ್ರೇ ಎಕ್ಸ್-ಎಂಪಿ ಯಂತ್ರವಾದರೋ ಒಂದೇ ಬಲಿಷ್ಠ ಸಂಸ್ಕಾರಕದಿಂದ ಸಾಲುಸಾಲಾದ ಅಂಕಿಗಳನ್ನು ಒಮ್ಮೆಗೇ ಗುಣಿಸಬಲ್ಲದು. ಇವೆರಡನ್ನು ತೂಗುವುದು ಹೇಗೆ? 1990ರ ದಶಕದಲ್ಲಿ ಫ್ಲೋಸಾಲ್ವರ್ ಸೇರಿದಂತೆ ಸ್ವದೇಶಿ ಸಮಾಂತರ ಯಂತ್ರಗಳ ಮೇಲೆ ದೆಹಲಿಯ ಟಿ-80 ಎಂಬ ಹವಾಮಾನ ಮಾದರಿಯನ್ನೇ ನಡೆಯಿಸಿ ನೋಡಲಾಯಿತು. ಕೆಲಸ ಒಂದೇ ಆದಮೇಲೆ ಹೋಲಿಕೆಗೆ ನೆಲೆ ಸಿಕ್ಕಿತು.

ಅಷ್ಟಾದರೂ ತೊಡಕು ತೀರದು. ಉತ್ತರಗಳು ಹೊಂದಬೇಕು: ಅಂದಿನ ಕ್ರೇ ಯಂತ್ರ ದಶಾಂಶಗಳನ್ನು ಬರೆದಿಡುವ ರೀತಿ ಬೇರೆ, ಇಂಟೆಲ್ ರೀತಿ ಬೇರೆ, ಹವೆಯ ಲೆಕ್ಕದಲ್ಲಿ ಕೊನೆಯ ಅಂಕಿಯ ಭೇದವು ದಿನಗಳುರುಳಿದಂತೆ ಬೆಳೆಯುತ್ತದೆ. ಆದುದರಿಂದ ಎಷ್ಟು ವ್ಯತ್ಯಾಸ ಸಹ್ಯವೆಂದು ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಸಂಸ್ಕಾರಕಗಳನ್ನು ಹೆಚ್ಚಿಸಿದಷ್ಟೂ ಅವು ಪರಸ್ಪರ ಸುದ್ದಿ ಮುಟ್ಟಿಸುವ ಹೊತ್ತೂ ಹೆಚ್ಚುತ್ತದೆ. ಮೇಲಾಗಿ, ಹಂಚಿಕೊಳ್ಳಲಾಗದ ಕೆಲಸ ಹತ್ತರಲ್ಲಿ ಒಂದು ಪಾಲಿದ್ದರೆ ಎಷ್ಟು ಸಾವಿರ ಸಂಸ್ಕಾರಕಗಳಿದ್ದರೂ ವೇಗ ಹತ್ತು ಪಟ್ಟನ್ನು ಮೀರದೆಂದು ಜೀನ್ ಆಮ್ಡಾಲ್ 1967ರಲ್ಲಿಯೇ ತೋರಿಸಿದ್ದನು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಯಂತ್ರದ ಸಾಮರ್ಥ್ಯ 3.3 ಪೆಟಾಫ್ಲಾಪ್ ಎನ್ನುತ್ತಾರೆ. ಅಂಕಿ ದೊಡ್ಡದು, ಸಂತೋಷವೇ. ಆದರೆ ಅಂತಹ ಯಂತ್ರಗಳನ್ನು ಮಳೆಯ ಲೆಕ್ಕಕ್ಕೆ ಹೋಲಿಸುವವರು ಕೇಳಬೇಕಾದುದು ಇಷ್ಟು: ಭೂಮಿಯನ್ನು ಎಷ್ಟು ಚಿಕ್ಕ ಚೌಕಗಳಾಗಿ ವಿಂಗಡಿಸಿದ ಮಾದರಿ, ಎಷ್ಟು ದಿನಗಳ ಮುನ್ಸೂಚನೆ, ಎಷ್ಟು ಸಂಸ್ಕಾರಕಗಳು, ಮತ್ತು ಲೆಕ್ಕ ಮುಗಿದಾಗ ಗಡಿಯಾರದಲ್ಲಿ ಎಷ್ಟು ಗಂಟೆಯಾಗಿತ್ತು.